ಮನೆಯಲ್ಲಿ ಕ್ಯೂಬನ್ ಕಾಫಿ: ಪುಡಿ, ಪಾಟ್, ಮತ್ತೆ ಆ ಮೊದಲ ಹನಿಗಳು

ಕ್ಯೂಬನ್ ಕಾಫಿ ಬಗ್ಗೆ ಓದುಗರು ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಕ್ಯೂಬಾದ ಬೀಜ ಎಲ್ಲಿ ಸಿಗುತ್ತೆ? ಮನೆಯಲ್ಲಿರೋ ಫಿಲ್ಟರ್ ಕಾಫಿ ಪುಡಿ ಆಗಲ್ವಾ? ಸಕ್ಕರೆಯನ್ನು ಎಷ್ಟು ಕಡೆದರೂ ನೊರೆ ಯಾಕೆ ಬರಲ್ಲ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳುತ್ತೇನೆ.

ಇದೇನು ಕಾಫಿ ಅಂತ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಒಲೆಯ ಮೇಲಿಡುವ ಮೋಕಾ ಪಾಟ್‌ನಲ್ಲಿ ಗಟ್ಟಿಯಾದ ಕಪ್ಪು ಕಾಫಿ ಇಳಿಸುತ್ತಾರೆ. ಅದರಲ್ಲಿ ಮೊದಲು ಬರುವ ಕೆಲವೇ ಹನಿಗಳನ್ನು ಸಕ್ಕರೆಗೆ ಹಾಕಿ ಚೆನ್ನಾಗಿ ಕಡೆಯುತ್ತಾರೆ. ಸಕ್ಕರೆ ಬಣ್ಣ ಬಿಟ್ಟು, ದಪ್ಪಗಾಗಿ, ಕೆನೆಯಂತಾಗುತ್ತದೆ. ಇದಕ್ಕೆ ಕ್ಯೂಬನ್ನರು ‘ಎಸ್ಪುಮೀತಾ’ ಅನ್ನುತ್ತಾರೆ, ಅಂದರೆ ನೊರೆ. ಉಳಿದ ಕಾಫಿಯನ್ನು ಇದರ ಮೇಲೆ ಸುರಿದರೆ ನೊರೆ ತೇಲಿ ಮೇಲೆ ಬರುತ್ತದೆ. ಪುಟ್ಟ ಕಪ್‌ಗಳಲ್ಲಿ ಎರಡು ಮೂರು ಗುಟುಕಿನಷ್ಟು ಕೊಡುತ್ತಾರೆ. ಈ ಪುಟ್ಟ ಕಾಫಿಗೆ ‘ಕಫೆಸೀತೊ’ ಅಂತ ಹೆಸರು. ಇಷ್ಟೇ ವಿದ್ಯೆ. ಆದರೆ ಒಬ್ಬರಿಗಾಗಿ ಒಂದು ಲೋಟ ಮಾಡಿಕೊಳ್ಳುವ ಅಭ್ಯಾಸ ಇಲ್ಲಿ ಇಲ್ಲ. ಪಾಟ್ ತುಂಬ ಮಾಡಿ, ಮನೆಯಲ್ಲಿರುವವರಿಗೆಲ್ಲ ಸ್ವಲ್ಪ ಸ್ವಲ್ಪ ಹಂಚುವ ಕಾಫಿ ಇದು. ಅಳತೆ, ಪಾತ್ರೆ, ಕಪ್ ಎಲ್ಲವೂ ಆ ಲೆಕ್ಕದಲ್ಲೇ ಇವೆ.

ಬೀಜದ ವಿಷಯ ಮೊದಲು ಮುಗಿಸೋಣ

ಕ್ಯೂಬಾದ ಬೀಜ ಹುಡುಕಿಕೊಂಡು ಹೋಗಬೇಡಿ. ಅಗತ್ಯವಿಲ್ಲ.

ಕ್ಯೂಬಾಕ್ಕೆ ಕಾಫಿ ಗಿಡ 1748ರಲ್ಲಿ ಬಂತು ಎನ್ನುತ್ತಾರೆ. ದೊಡ್ಡ ತೋಟಗಳು ಎದ್ದಿದ್ದು ಅದಾದ ಮೇಲೆ. 1791ರಲ್ಲಿ ಪಕ್ಕದ ಹೈಟಿಯಲ್ಲಿ ಗುಲಾಮರು ದಂಗೆ ಎದ್ದರು. ಆಗ ಅದು ಫ್ರೆಂಚರ ವಸಾಹತು. ಅಲ್ಲಿಂದ ಓಡಿಬಂದ ಫ್ರೆಂಚ್ ತೋಟಗಾರರು ಪೂರ್ವ ಕ್ಯೂಬಾದ ಸಿಯೆರಾ ಮಾಯೆಸ್ತ್ರಾ ಬೆಟ್ಟಗಳ ಬುಡದಲ್ಲಿ ಹೊಸದಾಗಿ ಕಾಫಿ ಹಾಕಿದರು. ದುಡಿದವರು ಇಲ್ಲೂ ಗುಲಾಮರೇ. ಆ ಹಳೆಯ ತೋಟಗಳ ಅವಶೇಷಗಳು 2000ದಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ.

ಇಪ್ಪತ್ತನೇ ಶತಮಾನದಲ್ಲಿ ಕಥೆ ಬೇರೆಯಾಯಿತು. 1959ರ ಕ್ರಾಂತಿಯ ನಂತರ ಲಕ್ಷಾಂತರ ಕ್ಯೂಬನ್ನರು ಅಮೆರಿಕದ ಮಯಾಮಿಗೆ ಬಂದು ನೆಲೆಸಿದರು. 1962ರಲ್ಲಿ ಅಮೆರಿಕ ಕ್ಯೂಬಾದ ಜೊತೆ ವ್ಯಾಪಾರವನ್ನೇ ನಿಲ್ಲಿಸಿತು. ಹೀಗಾಗಿ ಮಯಾಮಿಯ ಕ್ಯೂಬನ್ ಮನೆಗಳಲ್ಲಿ ತಲೆಮಾರುಗಳಿಂದ ಕುಡಿಯುತ್ತಿರುವ ‘ಕ್ಯೂಬನ್ ಕಾಫಿ’ಯ ಬೀಜ ಕ್ಯೂಬಾದ್ದೇ ಅಲ್ಲ. ಬೇರೆ ದೇಶಗಳ ಬೀಜವನ್ನು ಕಪ್ಪಾಗುವಷ್ಟು ಹುರಿದು, ನಯವಾಗಿ ಪುಡಿ ಮಾಡಿದ್ದು. ಅಮೆರಿಕದಲ್ಲಿರುವ ಕನ್ನಡಿಗರು ಸೂಪರ್‌ಮಾರ್ಕೆಟ್‌ನಲ್ಲಿ ಕೆಫೆ ಬುಸ್ಟೆಲೊ ಡಬ್ಬಿ ನೋಡಿರುತ್ತೀರಿ. ಅದು 1928ರಲ್ಲಿ ನ್ಯೂಯಾರ್ಕ್‌ನ ಈಸ್ಟ್ ಹಾರ್ಲೆಮ್‌ನಲ್ಲಿ ಶುರುವಾದ ಕಂಪನಿ. ಶುರು ಮಾಡಿದ ಗ್ರೆಗೋರಿಯೊ ಬುಸ್ಟೆಲೊ ಹುಟ್ಟಿದ್ದು ಸ್ಪೇನ್‌ನಲ್ಲಿ, ಕಾಫಿಯ ರುಚಿ ಹಿಡಿದದ್ದು ಕ್ಯೂಬಾದಲ್ಲಿ. ಪಿಲೋನ್, ಲಾ ಯಾವೆ ಕೂಡ ಇದೇ ಸಾಲಿನವು. ಇವುಗಳಲ್ಲಿ ಯಾವುದಾದರೂ ಆದೀತು.

ಇನ್ನು ಕ್ಯೂಬಾದ ಒಳಗಿನ ಮಾತು. ಅಲ್ಲಿ 1962ರಿಂದ ರೇಷನ್ ಪುಸ್ತಕ ಇದೆ. ರೇಷನ್ನಿನಲ್ಲಿ ಬರುತ್ತಿದ್ದ ಕಾಫಿಯ ಪೊಟ್ಟಣ ತಿಂಗಳಿಗೆ 115 ಗ್ರಾಂ. ಅದಕ್ಕೂ ಹುರಿದ ಬಟಾಣಿ ಪುಡಿ ಬೆರೆಸಿರುತ್ತಾರೆ. ನಮ್ಮಲ್ಲಿ ಚಿಕೋರಿ ಬೆರೆಸುತ್ತೇವೆ ಅಲ್ವಾ, ಅಲ್ಲಿ ಬಟಾಣಿ. ಬಟಾಣಿ ಹಿಟ್ಟು ಮೋಕಾ ಪಾಟ್‌ನ ಜಾಲರಿಗೆ ಮೆತ್ತಿಕೊಂಡು ದಾರಿ ಕಟ್ಟುತ್ತದೆ. ಪಾಟ್ ಸಿಡಿದ ಪ್ರಸಂಗಗಳೂ ಇವೆ. ಅಂಥ ಪುಡಿಯಲ್ಲೂ ನೊರೆ ಎಬ್ಬಿಸಿ ನೆಂಟರಿಗೆ ಕಾಫಿ ಕೊಡುವ ಮನೆಗಳು ಅಲ್ಲಿವೆ. ಪುಡಿ ಸರಿಯಿಲ್ಲ ಅನ್ನುವ ನೆಪ ನಮಗಂತೂ ಇಲ್ಲ.

ಫಿಲ್ಟರ್ ಕಾಫಿ ಪುಡಿ ಆಗುತ್ತದಾ?

ಚಿಕೋರಿ ಇಲ್ಲದಿದ್ದರೆ ಆಗುತ್ತದೆ. ಇದ್ದರೆ ಬೇಡ.

ಚಿಕೋರಿ ನೀರು ತಾಗಿದ ಕೂಡಲೇ ಅಂಟಂಟಾಗುತ್ತದೆ. ನಮ್ಮ ಸ್ಟೀಲ್ ಫಿಲ್ಟರ್‌ನಲ್ಲಿ ಅದರಿಂದ ತೊಂದರೆಯಿಲ್ಲ. ಅಲ್ಲಿ ನೀರು ತನ್ನ ಪಾಡಿಗೆ ತಾನು ನಿಧಾನವಾಗಿ ಇಳಿಯುತ್ತದೆ, ತಡವಾದಷ್ಟೂ ಡಿಕಾಕ್ಷನ್ ಗಟ್ಟಿ. ಮೋಕಾ ಪಾಟ್‌ನಲ್ಲಿ ನೀರು ಕೆಳಗಿನಿಂದ ಹಬೆಯ ಒತ್ತಡಕ್ಕೆ ಮೇಲೇರಬೇಕು. ದಾರಿ ಕಟ್ಟಿದರೆ ಒತ್ತಡ ಏರುತ್ತಾ ಹೋಗುತ್ತದೆ. ರುಚಿಯೂ ಕೆಡುತ್ತದೆ, ಅಪಾಯವೂ ಇದೆ.

ಬೆಂಗಳೂರು, ಮೈಸೂರು, ಚಿಕ್ಕಮಗಳೂರು, ಯಾವ ಊರಿನ ಕಾಫಿ ಪುಡಿ ಅಂಗಡಿಯಲ್ಲಾದರೂ ಹೀಗೆ ಕೇಳಿ: ‘ಚಿಕೋರಿ ಬೇಡ, ಚೆನ್ನಾಗಿ ಕಪ್ಪಗೆ ಹುರಿದಿದ್ದು ಕೊಡಿ, ಮೋಕಾ ಪಾಟ್‌ಗೆ ಪುಡಿ ಮಾಡಿ.’ ಮೋಕಾ ಪಾಟ್ ಅಂದರೆ ಅಂಗಡಿಯವರಿಗೆ ಗೊತ್ತಾಗದಿದ್ದರೆ, ಫಿಲ್ಟರ್‌ಗೆ ಮಾಡುವಷ್ಟೇ ನಯ ಸಾಕು, ಅದಕ್ಕಿಂತ ನಯ ಬೇಡ ಅನ್ನಿ. ಬೆರಳಲ್ಲಿ ಉಜ್ಜಿದರೆ ಪುಡಿ ಉಪ್ಪಿಗಿಂತ ಕೊಂಚ ನಯವಾಗಿರಬೇಕು. ಮೈದಾದಷ್ಟು ನುಣ್ಣಗಿದ್ದರೆ ತರಬೇಡಿ.

ಅರೇಬಿಕಾನಾ, ರೊಬಸ್ಟಾನಾ? ನನ್ನ ಕೈಯಲ್ಲಿ ಚೆನ್ನಾಗಿ ಬಂದಿರುವುದು ಎರಡೂ ಬೆರೆತದ್ದು, ಅರೇಬಿಕಾ ಜಾಸ್ತಿ, ರೊಬಸ್ಟಾ ಸ್ವಲ್ಪ. ರೊಬಸ್ಟಾದ ಕಹಿ ಈ ಕಾಫಿಗೆ ಒಗ್ಗುತ್ತದೆ, ಯಾಕೆಂದರೆ ಎದುರಿಗೆ ಅಷ್ಟು ಸಕ್ಕರೆ ಇರುತ್ತದೆ. ಪೂರಾ ಅರೇಬಿಕಾ ಹಾಕಿ, ಅದೂ ತೆಳುವಾಗಿ ಹುರಿದದ್ದಾದರೆ ಹುಳಿ ಎದ್ದು ಕಾಣುತ್ತದೆ. ದುಬಾರಿ ಎಸ್ಟೇಟ್ ಕಾಫಿಯನ್ನು ಇದಕ್ಕೆ ಸುರಿಯಬೇಡಿ. ಸಕ್ಕರೆಯಲ್ಲಿ ಅದರ ಪರಿಮಳ ಮುಳುಗಿ ಹೋಗುತ್ತದೆ.

ಬೇಕಾಗುವ ಸಾಮಾನು

ಮೋಕಾ ಪಾಟ್ ಬೇಕು. ಇಟಲಿಯಲ್ಲಿ 1933ರಲ್ಲಿ ಅಲ್ಫೋನ್ಸೊ ಬಿಯಾಲೆಟ್ಟಿ ಮಾರುಕಟ್ಟೆಗೆ ತಂದ ಪಾತ್ರೆ. ಕ್ಯೂಬನ್ ಅಡುಗೆಮನೆಗಳಲ್ಲಿ ಇದಿಲ್ಲದ ಮನೆ ಸಿಗುವುದು ಕಷ್ಟ, ಅವರು ‘ಕಫೆತೇರಾ’ ಅನ್ನುತ್ತಾರೆ. ಇದರಲ್ಲಿ ಮೂರು ಭಾಗ. ಕೆಳಗೆ ನೀರಿನ ಪಾತ್ರೆ, ಅದರ ಪಕ್ಕದಲ್ಲಿ ಒಂದು ಪುಟ್ಟ ಸೇಫ್ಟಿ ವಾಲ್ವ್, ಅಂದರೆ ಒತ್ತಡ ಮಿತಿ ಮೀರಿದರೆ ಹಬೆ ಹೊರಗೆ ಬಿಡುವ ಮೂತಿ. ನಡುವೆ ಪುಡಿ ಹಾಕುವ ಬುಟ್ಟಿ, ಕೆಳಕ್ಕೆ ಕೊಳವೆ ಇಳಿಬಿಟ್ಟಿರುತ್ತದೆ. ಮೇಲೆ ಕಾಫಿ ಬಂದು ಬೀಳುವ ಜಗ್. ಜಗ್‌ನ ತಳದಲ್ಲಿ ಒಂದು ಜಾಲರಿ, ಅದನ್ನು ಹಿಡಿದಿಡುವ ರಬ್ಬರ್ ವಾಷರ್.

ಕೊಳ್ಳುವಾಗ ಎರಡು ವಿಷಯ ನೋಡಿ.

ಒಂದು, ಸೈಜ್. ‘ಆರು ಕಪ್ಪಿನ ಪಾಟ್’ ಅಂದರೆ ನಮ್ಮ ಆರು ಲೋಟ ಅಲ್ಲ. ಒಟ್ಟು ಸುಮಾರು 270 ಮಿಲಿ ಕಾಫಿ ಬರುತ್ತದೆ. ಮೂರು ಕಪ್ಪಿನದರಲ್ಲಿ ಸುಮಾರು 130 ಮಿಲಿ. ನಾಲ್ಕೈದು ಜನ ಇರುವ ಮನೆಗೆ ಆರು ಕಪ್ಪಿನದು ಸರಿ. ಪಾಟ್ ಅರ್ಧ ತುಂಬಿಸಿ ಮಾಡಿದರೆ ಕಾಫಿ ಚೆನ್ನಾಗಿರುವುದಿಲ್ಲ. ಹಾಗಾಗಿ ‘ಇರಲಿ ಅಂತ’ ದೊಡ್ಡದು ತರಬೇಡಿ.

ಎರಡು, ಒಲೆ. ಸಾಮಾನ್ಯ ಮೋಕಾ ಪಾಟ್ ಅಲ್ಯುಮಿನಿಯಂನದು, ಇಂಡಕ್ಷನ್ ಒಲೆಯಲ್ಲಿ ಕೆಲಸ ಮಾಡುವುದಿಲ್ಲ. ಇಂಡಕ್ಷನ್ ಇದ್ದವರು ಅದಕ್ಕೆ ಆಗುವ ಸ್ಟೀಲ್ ಪಾಟನ್ನೇ ತನ್ನಿ. ಅದರಲ್ಲೂ ಚಿಕ್ಕ ಪಾಟ್‌ನ ತಳವನ್ನು ಕೆಲವು ಒಲೆಗಳು ಗುರುತೇ ಹಿಡಿಯುವುದಿಲ್ಲ. ಗ್ಯಾಸ್ ಒಲೆಯವರಿಗೆ ಬೇರೆ ತಲೆನೋವು. ನಮ್ಮ ಬರ್ನರ್‌ನ ಕಾಲುಗಳ ನಡುವೆ ಅಂತರ ಜಾಸ್ತಿ, ಪಾಟ್ ವಾಲುತ್ತದೆ. ಫುಲ್ಕಾ ಸುಡುವ ಜಾಲರಿ ಇಟ್ಟು ಅದರ ಮೇಲೆ ಪಾಟ್ ಇಟ್ಟರೆ ಗಟ್ಟಿಯಾಗಿ ನಿಲ್ಲುತ್ತದೆ.

ಇದರ ಜೊತೆ ಬೇಕಾಗುವುದು: ಸಕ್ಕರೆ ಕಡೆಯಲು ಸ್ವಲ್ಪ ಎತ್ತರದ ಸ್ಟೀಲ್ ಲೋಟ ಅಥವಾ ಚಿಕ್ಕ ಜಗ್, ಒಂದು ಗಟ್ಟಿ ಚಮಚ, ಬಿಸಿ ಹಿಡಿಯಲು ಬಟ್ಟೆ, ಪುಟ್ಟ ಕಪ್‌ಗಳು. ಕಪ್ ಇಲ್ಲದಿದ್ದರೆ ಪಂಚಪಾತ್ರೆ ಸೈಜಿನ ಯಾವ ಲೋಟವಾದರೂ ನಡೆಯುತ್ತದೆ. ಸಕ್ಕರೆ ಸಾದಾ ಬಿಳಿಯದೇ ಇರಲಿ, ಹರಳು ಸಣ್ಣದಿದ್ದಷ್ಟೂ ಒಳ್ಳೆಯದು.

ಅಳತೆ, ಆರು ಕಪ್ಪಿನ ಪಾಟ್‌ಗೆ: ಕಾಫಿ ಪುಡಿ 25ರಿಂದ 30 ಗ್ರಾಂ (ಬುಟ್ಟಿ ತುಂಬುವಷ್ಟು), ಸಕ್ಕರೆ 4 ದೊಡ್ಡ ಚಮಚ (ಸುಮಾರು 50 ಗ್ರಾಂ), ನೀರು ವಾಲ್ವ್‌ನ ಕೆಳ ಅಂಚಿನವರೆಗೆ. ಮೂರು ಕಪ್ಪಿನ ಪಾಟ್‌ಗೆ ಎಲ್ಲ ಅರ್ಧ.

ಅಷ್ಟು ಸಕ್ಕರೆನಾ ಅಂತ ಎಲ್ಲರೂ ಕೇಳುತ್ತಾರೆ. ಹೌದು, ಅಷ್ಟು. ಆರು ಜನಕ್ಕೆ ಹಂಚಿದರೆ ಒಬ್ಬರಿಗೆ ಎರಡು ಚಿಕ್ಕ ಚಮಚದಷ್ಟಾಗುತ್ತದೆ. ನಿಮ್ಮ ಮನೆಯಲ್ಲಿ ದಿನಾ ಬೆರೆಸುವುದು ಎಷ್ಟು ಅಂತ ಒಮ್ಮೆ ನೋಡಿಕೊಳ್ಳಿ.

ಮಾಡುವ ಕ್ರಮ

1. ನೀರು ತುಂಬಿಸಿ. ಕೆಳಗಿನ ಪಾತ್ರೆಗೆ ವಾಲ್ವ್‌ನ ಕೆಳಗೆ ನಿಲ್ಲುವಷ್ಟು ನೀರು. ವಾಲ್ವ್ ಮುಳುಗಬಾರದು. ಮುಳುಗಿದರೆ ಹಬೆ ಹೊರಹೋಗುವ ದಾರಿ ಮುಚ್ಚಿದ ಹಾಗೆ. ಬಿಸಿನೀರು ಹಾಕಿದರೆ ಪುಡಿ ಸೀಯುವುದಿಲ್ಲ ಅಂತ ಹೇಳುವವರಿದ್ದಾರೆ, ಮಾತು ಸರಿ. ಆದರೆ ಬಿಸಿ ಪಾತ್ರೆಗೆ ತಿರುಪು ಹಾಕುವಾಗ ಕೈ ಸುಟ್ಟುಕೊಳ್ಳುವವರೇ ಜಾಸ್ತಿ. ಹೊಸಬರು ತಣ್ಣೀರಲ್ಲೇ ಶುರು ಮಾಡಿ.

2. ಪುಡಿ ಹಾಕಿ. ಬುಟ್ಟಿ ತುಂಬಿಸಿ, ಚಮಚದ ಹಿಂಬದಿಯಲ್ಲಿ ಮೇಲ್ಮೈ ಸಮ ಮಾಡಿ. ಒತ್ತಬೇಡಿ. ನಮಗೆ ಫಿಲ್ಟರ್‌ನಲ್ಲಿ ಛತ್ರಿಯಂಥ ತಟ್ಟೆ ಇಟ್ಟು ಒತ್ತುವ ಅಭ್ಯಾಸ ಇರುವುದರಿಂದ ಕೈ ತಾನಾಗಿ ಹೋಗುತ್ತದೆ, ತಡೆದುಕೊಳ್ಳಿ. ಕೆಲವು ಕ್ಯೂಬನ್ ಮನೆಗಳಲ್ಲಿ ಪುಡಿಯನ್ನು ಗುಡ್ಡೆಯಾಗಿ ಹಾಕಿ ಒತ್ತುವುದೂ ಉಂಟು. ಅವರಿಗೆ ತಮ್ಮ ಪಾಟ್‌ನ, ಪುಡಿಯ ಅಂದಾಜು ಇರುತ್ತದೆ. ನಮಗೆ ಬೇಡ. ಬುಟ್ಟಿಯ ಅಂಚಿಗೆ ಅಂಟಿದ ಪುಡಿಯನ್ನು ಬೆರಳಲ್ಲಿ ಒರೆಸಿ. ಅಂಚಿನಲ್ಲಿ ಪುಡಿ ಉಳಿದರೆ ವಾಷರ್ ಸರಿಯಾಗಿ ಕೂರದೆ ಪಕ್ಕದಿಂದ ಹಬೆ ಸೋರುತ್ತದೆ.

3. ಬಿಗಿಯಾಗಿ ತಿರುಗಿಸಿ. ಮೇಲಿನ ಜಗ್ ಅನ್ನು ತಿರುಪಿ ಬಿಗಿ ಮಾಡಿ. ಹಿಡಿಯನ್ನು ಹಿಡಿದು ತಿರುಗಿಸಬೇಡಿ, ಮುರಿಯುವುದು ಅಲ್ಲೇ. ಜಗ್‌ನ ಮೈ ಹಿಡಿದು ತಿರುಗಿಸಿ.

4. ಸಕ್ಕರೆ ಮೊದಲೇ ಅಳೆದು ಲೋಟದಲ್ಲಿ ಇಟ್ಟುಕೊಳ್ಳಿ. ಪಾಟ್ ಒಲೆ ಮೇಲಿಟ್ಟ ಮೇಲೆ ಸಕ್ಕರೆ ಡಬ್ಬಿ ಹುಡುಕುತ್ತಾ ನಿಂತರೆ ಮೊದಲ ಹನಿ ಕೈತಪ್ಪುತ್ತದೆ.

5. ಸಣ್ಣ ಬರ್ನರ್, ಸಣ್ಣ ಉರಿ. ಉರಿ ಪಾಟ್‌ನ ತಳದಿಂದ ಆಚೆ ಬರಬಾರದು, ಬಂದರೆ ಹಿಡಿಯ ಪ್ಲಾಸ್ಟಿಕ್ ಕರಗುತ್ತದೆ. ಮುಚ್ಚಳ ತೆರೆದೇ ಇರಲಿ, ಒಳಗೆ ಏನಾಗುತ್ತಿದೆ ಅಂತ ಕಾಣಬೇಕು. ಉರಿ ಜೋರಾಗಿದ್ದರೆ ಕಾಫಿ ಮುಖಕ್ಕೆ ಚಿಮ್ಮುತ್ತದೆ. ಬಗ್ಗಿ ನೋಡಬೇಡಿ, ಸ್ವಲ್ಪ ದೂರದಿಂದ ನೋಡಿ. ಮಕ್ಕಳನ್ನು ಈ ಹೊತ್ತಿನಲ್ಲಿ ಒಲೆಯ ಹತ್ತಿರ ಬಿಡಬೇಡಿ.

6. ಮೊದಲ ಹನಿಗಳು. ಇಡೀ ಕೆಲಸದಲ್ಲಿ ಗಮನ ಬೇಕಾಗಿರುವುದು ಇಲ್ಲಿ. ನಡುವಿನ ಕಂಬದ ತುದಿಯಿಂದ ಕಪ್ಪಗೆ, ದಪ್ಪಗೆ, ನಿಧಾನವಾಗಿ ಕಾಫಿ ಇಳಿಯಲು ಶುರುವಾಗುತ್ತದೆ. ತಳದಲ್ಲಿ ಒಂದೆರಡು ಚಿಕ್ಕ ಚಮಚದಷ್ಟು ಸೇರಿದ ಕೂಡಲೇ ಪಾಟ್ ಎತ್ತಿ, ಅದಿಷ್ಟನ್ನು ಸಕ್ಕರೆಗೆ ಸುರಿಯಿರಿ. ಪಾಟ್ ವಾಪಸ್ ಒಲೆಗೆ. ಎತ್ತಿದಾಗ ಹರಿವು ನಿಲ್ಲುತ್ತದೆ, ಗಾಬರಿ ಬೇಡ. ಮತ್ತೆ ಬಿಸಿ ತಾಗಿದರೆ ಮತ್ತೆ ಬರುತ್ತದೆ.

ಮೊದಲ ಹನಿಯೇ ಯಾಕೆ? ಪುಡಿಯ ಸತ್ವ ಹೆಚ್ಚಾಗಿ ಮೊದಲು ಬಂದ ನೀರಿನಲ್ಲೇ ಇಳಿಯುತ್ತದೆ. ಕಡೆಕಡೆಗೆ ಬರುವುದು ನೀರು ನೀರು. ನೊರೆಗೆ ಬೇಕಾಗಿರುವುದು ಅತಿ ಕಡಿಮೆ ನೀರಿನಲ್ಲಿ ಅತಿ ಜಾಸ್ತಿ ಕಾಫಿ. ಸಕ್ಕರೆ ಪೂರ್ತಿ ಕರಗದೆ ಗಟ್ಟಿ ಪಾಕದಂತೆ ಉಳಿದರೆ ಮಾತ್ರ ಕಡೆಯುವಾಗ ಒಳಹೊಕ್ಕ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪಾಕ ತೆಳುವಾದರೆ ಗುಳ್ಳೆ ಒಡೆದುಹೋಗುತ್ತದೆ.

7. ಕಡೆಯಿರಿ. ಚಮಚವನ್ನು ಲೋಟದ ಗೋಡೆಗೆ ಒತ್ತಿ, ಗರಗರ ಅಂತ ಜೋರಾಗಿ. ಮೊದಲು ಒದ್ದೆ ಮರಳಿನ ಹಾಗೆ ಇರುತ್ತದೆ, ಕಂದು ಬಣ್ಣ. ನಿಮಿಷ ಕಳೆಯುವುದರೊಳಗೆ ಬಣ್ಣ ತಿಳಿಯಾಗಲು ಶುರುವಾಗುತ್ತದೆ. ಎರಡು ಮೂರು ನಿಮಿಷಕ್ಕೆ ತಿಳಿ ಕಂದು ಕೆನೆಯಾಗುತ್ತದೆ. ಹದ ನೋಡಲು ಚಮಚ ಎತ್ತಿ. ದೋಸೆ ಹಿಟ್ಟಿನ ಹಾಗೆ ದಪ್ಪ ಎಳೆಯಾಗಿ ಇಳಿಯಬೇಕು. ಪುಡಿಪುಡಿಯಾಗಿದ್ದರೆ ಇನ್ನು ನಾಲ್ಕೇ ಹನಿ ಕಾಫಿ ಹಾಕಿ. ನೀರಾಗಿದ್ದರೆ ಒಂದು ಚಮಚ ಸಕ್ಕರೆ ಸೇರಿಸಿ ಕಡೆಯಿರಿ. ಬ್ಯಾಟರಿಯಲ್ಲಿ ತಿರುಗುವ ಪುಟ್ಟ ಕಡೆಗೋಲು ಇದ್ದವರು ಅದನ್ನೇ ಬಳಸಿ, ಯಾರೂ ಬೇಡ ಅನ್ನುವುದಿಲ್ಲ. ಚಮಚದಲ್ಲಿ ಹದ ಕೈಗೆ ಗೊತ್ತಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

8. ಗ್ಯಾಸ್ ಆರಿಸುವ ಹೊತ್ತು. ಕಡೆಯುತ್ತಾ ಇರುವಾಗಲೂ ಒಂದು ಕಣ್ಣು ಒಲೆಯ ಮೇಲಿರಲಿ. ಕಾಫಿಯ ಬಣ್ಣ ಕಪ್ಪಿನಿಂದ ಹಳದಿಯತ್ತ ತಿರುಗಿ, ಗೊರಗೊರ ಸದ್ದು ಶುರುವಾದರೆ ಆಯಿತು, ಆರಿಸಿ. ಆಮೇಲೆ ಬರುವುದು ಬರೀ ಹಬೆ ಮತ್ತು ಸುಟ್ಟ ಕಹಿ. ಮನೆಯಲ್ಲಿ ಇಬ್ಬರಿದ್ದರೆ ಒಬ್ಬರು ಒಲೆ, ಒಬ್ಬರು ಸಕ್ಕರೆ ನೋಡಿಕೊಂಡರೆ ಸುಲಭ. ಎಷ್ಟೋ ಕ್ಯೂಬನ್ ಮನೆಗಳಲ್ಲಿ ಸಕ್ಕರೆ ಕಡೆಯುವುದು ಮಕ್ಕಳ ಪಾಲಿನ ಕೆಲಸ. ಒಲೆ ಮಾತ್ರ ಅಜ್ಜಿಯದು.

9. ಸೇರಿಸಿ. ಕಾಫಿಯನ್ನು ನೊರೆಯ ಲೋಟಕ್ಕೆ ನಿಧಾನವಾಗಿ, ಗೋಡೆಗೆ ತಾಗಿಸಿ ಸುರಿಯಿರಿ. ತಳದಿಂದ ಮೇಲಕ್ಕೆ ಒಂದೆರಡು ಸುತ್ತು ತಿರುವಿ, ನಿಲ್ಲಿಸಿ. ಅರ್ಧ ನಿಮಿಷದಲ್ಲಿ ನೊರೆ ಮೇಲೆ ಬಂದು ನಿಲ್ಲುತ್ತದೆ.

10. ಹಂಚಿ. ಒಂದು ಕಪ್ ತುಂಬಿಸಿ ಇನ್ನೊಂದಕ್ಕೆ ಹೋಗಬೇಡಿ. ಹಾಗೆ ಮಾಡಿದರೆ ಮೊದಲನೆಯವರಿಗೆ ನೊರೆಯೆಲ್ಲ, ಕೊನೆಯವರಿಗೆ ಬರೀ ಕಾಫಿ. ಎಲ್ಲ ಕಪ್‌ಗಳಿಗೂ ಸ್ವಲ್ಪ ಸ್ವಲ್ಪ ಹಾಕುತ್ತಾ ಸುತ್ತು ಬನ್ನಿ. ಒಬ್ಬೊಬ್ಬರಿಗೆ 40ರಿಂದ 50 ಮಿಲಿ ಸಾಕು. ಜೊತೆಗೆ ಒಂದು ಲೋಟ ತಣ್ಣೀರು ಇಡಿ.

‘ಇದು ನಮ್ಮ ಬೀಟ್ ಮಾಡಿದ ಕಾಫಿನೇ ಅಲ್ವಾ?’

ಹಾಸ್ಟೆಲ್‌ನಲ್ಲಿ ಇನ್‌ಸ್ಟಂಟ್ ಪುಡಿ, ಸಕ್ಕರೆ, ಎರಡು ಹನಿ ನೀರು ಹಾಕಿ ಕಡೆದವರು ಇದನ್ನು ಕೇಳಿಯೇ ಕೇಳುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಡಾಲ್ಗೋನಾ ಕಾಫಿ ಅಂತ ಮಾಡಿದವರೂ. ಕಡೆಯುವ ಕೈ ಒಂದೇ, ನಿಜ. ಆದರೆ ಇನ್‌ಸ್ಟಂಟ್ ಪುಡಿಯಲ್ಲಿ ನೊರೆ ಸುಲಭವಾಗಿ, ರಾಶಿಯಾಗಿ ಏಳುತ್ತದೆ, ಗಂಟೆಗಟ್ಟಲೆ ನಿಲ್ಲುತ್ತದೆ. ಎಸ್ಪುಮೀತಾ ಅಷ್ಟು ಎತ್ತರಕ್ಕೆ ಏಳುವುದೇ ಇಲ್ಲ. ಕಾಫಿಯ ಮೇಲೆ ಬೆರಳಿನ ಅರ್ಧ ಅಗಲದಷ್ಟು ಪದರ ನಿಂತರೆ ಗೆದ್ದಂತೆ. ಅದಕ್ಕಿಂತ ಜಾಸ್ತಿ ಬರಲಿ ಅಂತ ಕಾಯಬೇಡಿ. ಆರಿದರೆ ಪದರವೂ ಕರಗುತ್ತದೆ, ಬಿಸಿ ಇರುವಾಗಲೇ ಕುಡಿದು ಮುಗಿಸಬೇಕು.

ಒಂದೇ ಪಾಟ್‌ನಿಂದ ನಾಲ್ಕು ಬಗೆ

ಮೇಲೆ ಹೇಳಿದ ಕಫೆಸೀತೊ ಊಟವಾದ ಮೇಲೆ, ಮತ್ತೆ ಮನೆಗೆ ಯಾರಾದರೂ ಬಂದಾಗ. ಬಂದವರನ್ನು ‘ಕಾಫಿ ಕುಡೀತೀರಾ’ ಅಂತ ಕೇಳುವುದಕ್ಕಿಂತ ಮೊದಲೇ ಪಾಟ್ ಒಲೆಗೆ ಏರಿರುತ್ತದೆ. ಹಳೇ ಮೈಸೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಕೊಲಾದಾ’ ಅನ್ನುವುದು ಅದೇ ಕಾಫಿ, ಹೊರಗೆ ಹಂಚಲು. ಮಯಾಮಿಯಲ್ಲಿ ಹೋಟೆಲುಗಳ ಗೋಡೆಯಲ್ಲಿ ಬೀದಿಗೆ ತೆರೆದ ಕಿಟಕಿಗಳಿರುತ್ತವೆ, ‘ವೆಂತನೀತಾ’ ಅಂತ. ಅಲ್ಲಿ ಕೊಲಾದಾ ಕೇಳಿದರೆ ಒಂದು ಥರ್ಮೋಕೋಲ್ ಲೋಟದಲ್ಲಿ ನಾಲ್ಕರಿಂದ ಆರು ಜನಕ್ಕಾಗುವಷ್ಟು ಕಾಫಿ, ಜೊತೆಗೆ ಬೆರಳ ಗಾತ್ರದ ಪ್ಲಾಸ್ಟಿಕ್ ಕಪ್‌ಗಳನ್ನು ಕೊಡುತ್ತಾರೆ. ಒಬ್ಬರು ಕೊಂಡು ಆಫೀಸಿಗೆ ಹೋಗಿ ಎಲ್ಲರಿಗೂ ಹಂಚುತ್ತಾರೆ. ಅಲ್ಲಿಗೆ ಹೋದ ನಮ್ಮವರು ಗೊತ್ತಿಲ್ಲದೆ ಇಡೀ ಕೊಲಾದಾವನ್ನು ಒಬ್ಬರೇ ಕುಡಿದು ರಾತ್ರಿಯೆಲ್ಲ ಛಾವಣಿ ನೋಡುತ್ತಾ ಮಲಗುವುದುಂಟು. ಹಾಗೆ ಮಾಡಬೇಡಿ. ಲಿಟಲ್ ಹವಾನಾದ ಕಾಯೆ ಓಚೊ ರಸ್ತೆಯಲ್ಲಿ 1971ರಿಂದ ಇರುವ ವರ್ಸೈಲ್ಸ್ ಹೋಟೆಲಿನ ಕಿಟಕಿ ಇದಕ್ಕೆ ಹೆಸರುವಾಸಿ. ಕಾಫಿಯ ಜೊತೆ ರಾಜಕೀಯ ಪುಕ್ಕಟೆ. ಮಯಾಮಿಯ ಟೆಲಿಫೋನ್ ಕೋಡ್ 305. ಅದನ್ನೇ ಹಿಡಿದು ಮಧ್ಯಾಹ್ನ 3:05 ಅನ್ನು ಕಾಫಿಯ ಹೊತ್ತು ಅಂತ 2013ರಲ್ಲಿ ನಗರಾಡಳಿತವೇ ಘೋಷಿಸಿತು.

‘ಕೊರ್ತದೀತೊ’ಗೆ ಕಫೆಸೀತೊ ಮಾಡಿ, ಅದಕ್ಕೆ ಸಮಪಾಲು ಬಿಸಿ ಹಾಲು ಸೇರಿಸಿ. ಕೆಲವರು ಎವಾಪರೇಟೆಡ್ ಹಾಲು, ಅಂದರೆ ಕಾಯಿಸಿ ನೀರು ಇಂಗಿಸಿದ ಸಿಹಿಯಿಲ್ಲದ ಡಬ್ಬಿ ಹಾಲು ಹಾಕುತ್ತಾರೆ. ನಮ್ಮಲ್ಲಿ ಗಟ್ಟಿ ಹಾಲನ್ನು ಮುಕ್ಕಾಲು ಪಾಲಿಗೆ ಇಳಿಯುವಷ್ಟು ಕಾಯಿಸಿಕೊಂಡರೆ ಸಾಕು. ಮಿಲ್ಕ್‌ಮೇಡ್ ಥರದ ಸಿಹಿ ಹಾಲು ಹಾಕಬೇಡಿ, ಈಗಾಗಲೇ ಇರುವ ಸಕ್ಕರೆಯ ಮೇಲೆ ಅದು ತಡೆಯಲಾಗದಷ್ಟು ಸಿಹಿ. ಫಿಲ್ಟರ್ ಕಾಫಿ ಕುಡಿದು ಬೆಳೆದವರಿಗೆ ಮೊದಲು ಹಿಡಿಸುವುದು ಈ ಕೊರ್ತದೀತೊ.

‘ಕಫೆ ಕೊನ್ ಲೆಚೆ’ ಬೆಳಗಿನದು. ದೊಡ್ಡ ಕಪ್ ತುಂಬ ಬಿಸಿ ಹಾಲು, ಅದಕ್ಕೆ ಕಾಫಿ. ಕೆಲವರು ಒಂದು ಚಿಟಿಕೆ ಉಪ್ಪು ಹಾಕುತ್ತಾರೆ. ಪಕ್ಕದಲ್ಲಿ ಉದ್ದನೆಯ ಕ್ಯೂಬನ್ ಬ್ರೆಡ್ಡನ್ನು ಬೆಣ್ಣೆ ಸವರಿ, ಒತ್ತಿ ಬಿಸಿ ಮಾಡಿದ್ದು. ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಾರೆ, ಬೆಣ್ಣೆ ಕಾಫಿಯ ಮೇಲೆ ತೇಲುತ್ತದೆ, ಯಾರೂ ಮುಖ ಸಿಂಡರಿಸುವುದಿಲ್ಲ. ಮಕ್ಕಳಿಗೂ ಹಾಲಿಗೆ ಬಣ್ಣ ಬರುವಷ್ಟು ಕಾಫಿ ಹಾಕಿ ಕೊಡುವುದು ಅಲ್ಲಿನ ಹಳೆಯ ರೂಢಿ. ನಿಮ್ಮ ಮಕ್ಕಳಿಗೆ ಕೊಡಬೇಕೋ ಬೇಡವೋ ನಿಮಗೆ ಬಿಟ್ಟಿದ್ದು, ನಾನಂತೂ ನೊರೆ ಅಂಟಿದ ಚಮಚ ನೆಕ್ಕಲು ಕೊಟ್ಟು ಸಾಗಹಾಕುತ್ತೇನೆ. ನಮ್ಮಲ್ಲಿ ಬೇಕರಿಯ ಉದ್ದ ಬನ್ ಕಾಯಿಸಿದರೆ ಈ ಜೋಡಿಗೆ ಹತ್ತಿರ ಬರುತ್ತದೆ.

ಮೋಕಾ ಪಾಟ್ ಇಲ್ಲದಿದ್ದರೆ

ಮೋಕಾ ಪಾಟ್ ಬರುವ ಮುಂಚೆ ಕ್ಯೂಬಾದಲ್ಲಿ ಕಾಫಿ ಸೋಸುತ್ತಿದ್ದುದು ಬಟ್ಟೆಯ ಚೀಲದಲ್ಲಿ. ಹಳ್ಳಿಗಳಲ್ಲಿ ಈಗಲೂ ಇದೆ. ನೀರಿಗೆ ಸಕ್ಕರೆ ಹಾಕಿ ಕುದಿಸಿ, ಪುಡಿ ಸೇರಿಸಿ, ಇಳಿಸಿ, ಬಟ್ಟೆಯಲ್ಲಿ ಸೋಸುತ್ತಾರೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಕಾಫಿ ಬಟ್ಟೆ ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಇದರಲ್ಲಿ ನೊರೆ ಬರುವುದಿಲ್ಲ, ಆದರೂ ಇದು ಕ್ಯೂಬನ್ ಕಾಫಿಯೇ.

ಸ್ಟೀಲ್ ಫಿಲ್ಟರ್‌ನ ಮೊದಲ ಡಿಕಾಕ್ಷನ್‌ನಲ್ಲಿ ಸಕ್ಕರೆ ಕಡೆದರೆ ನೊರೆ ಏನೋ ಬರುತ್ತದೆ. ಆದರೆ ಪೂರ್ತಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ ಕಾಫಿ ಉಗುರುಬೆಚ್ಚಗೆ. ಮತ್ತೆ ಕಾಯಿಸಿದರೆ ರುಚಿ ಹೋಯಿತು. ಅಷ್ಟು ಒದ್ದಾಡುವುದಕ್ಕಿಂತ ಆ ಡಿಕಾಕ್ಷನ್‌ನಲ್ಲಿ ಒಳ್ಳೆ ಫಿಲ್ಟರ್ ಕಾಫಿ ಮಾಡಿ ಕುಡಿಯುವುದು ವಾಸಿ.

ಕೆಡುವುದು ಎಲ್ಲಿ?

ನೊರೆ ಬರಲಿಲ್ಲ ಅಂದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ, ಕಾಫಿ ಜಾಸ್ತಿ ಹಾಕಿದ್ದೀರಿ. ಒಂದು ಚಿಕ್ಕ ಚಮಚದಿಂದ ಶುರು ಮಾಡಿ. ಸಾಲದಿದ್ದರೆ ಸೇರಿಸಬಹುದು, ಹೆಚ್ಚಾದರೆ ತೆಗೆಯಲು ಬರುವುದಿಲ್ಲ.

ಅಂಗಡಿಯ ಐಸಿಂಗ್ ಸಕ್ಕರೆ ಬೇಡ. ಅದರಲ್ಲಿ ಜೋಳದ ಗಂಜಿಪುಡಿ ಇರುತ್ತದೆ, ಅಂಟು ಅಂಟಾಗುತ್ತದೆ. ಬೆಲ್ಲದ ಪುಡಿಯಲ್ಲಿ ಮಾಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ನೊರೆ ತಿಳಿಯಾಗುವುದಿಲ್ಲ, ಬೆಲ್ಲದ ವಾಸನೆಯೇ ಮುಂದೆ ನಿಲ್ಲುತ್ತದೆ. ಬೆಲ್ಲದ ಕಾಫಿ ಬೇಕಿದ್ದರೆ ಅದನ್ನು ನಮ್ಮ ರೀತಿಯಲ್ಲೇ ಮಾಡಿಕೊಳ್ಳಿ, ಚೆನ್ನಾಗಿರುತ್ತದೆ. ಸಕ್ಕರೆ ಬದಲಿಗೆ ಬರುವ ಸಿಹಿ ಮಾತ್ರೆ, ಸ್ಟೀವಿಯಾ ಹನಿಗಳಿಂದ ನೊರೆ ಏಳುವುದಿಲ್ಲ. ಮನೆಯಲ್ಲಿ ಡಯಾಬಿಟಿಸ್ ಇರುವವರಿದ್ದರೆ ಸಕ್ಕರೆಗೆ ಸೇರಿಸುವ ಮೊದಲೇ ಅವರ ಪಾಲಿನ ಕಪ್ಪು ಕಾಫಿ ಬೇರೆ ತೆಗೆದಿಡಿ. ನಿದ್ದೆ ಸೂಕ್ಷ್ಮ ಇರುವವರಿಗೆ ಸಂಜೆ ಮೇಲೆ ಕೊಡಬೇಡಿ.

ಕಾಫಿ ಸುಟ್ಟ ರುಚಿ ಬಂದರೆ ಉರಿ ಜೋರಾಗಿತ್ತು, ಇಲ್ಲವೇ ಗೊರಗೊರ ಶುರುವಾದ ಮೇಲೂ ಬಿಟ್ಟಿದ್ದೀರಿ. ನೀರು ನೀರಾಗಿದ್ದರೆ ಬುಟ್ಟಿ ತುಂಬಿರಲಿಲ್ಲ. ಏಳೆಂಟು ನಿಮಿಷವಾದರೂ ಒಂದು ಹನಿಯೂ ಬಾರದೆ, ವಾಲ್ವ್‌ನಿಂದ ಹಬೆ ಬರುತ್ತಿದ್ದರೆ ದಾರಿ ಕಟ್ಟಿದೆ ಅಂತ ಅರ್ಥ. ತಕ್ಷಣ ಗ್ಯಾಸ್ ಆರಿಸಿ, ಹಾಗೇ ಬಿಡಿ. ಪೂರ್ತಿ ತಣ್ಣಗಾಗುವವರೆಗೆ ತಿರುಪು ಬಿಚ್ಚಲೇಬಾರದು. ತಣ್ಣಗಾದ ಮೇಲೆ ಜಾಲರಿ ತೊಳೆದು, ಸ್ವಲ್ಪ ತರಿಯಾದ ಪುಡಿ ಹಾಕಿ ನೋಡಿ.

ತೊಳೆಯುವುದು, ಇಡುವುದು

ಹೊಸ ಪಾಟ್‌ನಲ್ಲಿ ಮೊದಲ ಎರಡು ಮೂರು ಸಲ ಮಾಡಿದ ಕಾಫಿ ಚೆಲ್ಲಿಬಿಡಿ, ಅದಕ್ಕೆ ಹಳೆಯ ಪುಡಿ ಸಾಕು. ಅಲ್ಯುಮಿನಿಯಂ ಪಾಟನ್ನು ಡಿಶ್‌ವಾಷರ್‌ಗೆ ಹಾಕಿದರೆ ಕಪ್ಪಾಗುತ್ತದೆ. ಹುಣಸೆಹಣ್ಣು, ಸ್ಟೀಲ್ ನಾರು ಯಾವುದೂ ಬೇಡ. ಬಿಸಿನೀರಲ್ಲಿ ಕೈಯಿಂದ ಉಜ್ಜಿ ತೊಳೆದು, ಮೂರು ಭಾಗಗಳನ್ನೂ ಬಿಡಿಸಿ ಪೂರ್ತಿ ಒಣಗಿಸಿ. ಒದ್ದೆಯಲ್ಲೇ ಜೋಡಿಸಿಟ್ಟರೆ ಒಳಗೆ ಬಿಳಿ ಕಲೆ ಬೀಳುತ್ತದೆ, ಮುಗ್ಗಲು ವಾಸನೆ ಬರುತ್ತದೆ. ವಾಲ್ವ್ ಅನ್ನು ಆಗಾಗ ನೋಡಿ, ಗಡಸು ನೀರಿನ ಊರುಗಳಲ್ಲಿ ಉಪ್ಪು ಕಟ್ಟಿಕೊಳ್ಳುತ್ತದೆ. ಕಟ್ಟಿದ್ದರೆ ನೀರಿಗೆ ಸ್ವಲ್ಪ ನಿಂಬೆರಸ ಹಾಕಿ, ಪುಡಿಯಿಲ್ಲದೆ ಒಮ್ಮೆ ಕುದಿಸಿ, ಆಮೇಲೆ ಬರೀ ನೀರಿನಲ್ಲಿ ಇನ್ನೊಮ್ಮೆ.

ರಬ್ಬರ್ ವಾಷರ್ ದಿನ ಕಳೆದಂತೆ ಗಟ್ಟಿಯಾಗಿ, ಬಿರುಕು ಬಿಡುತ್ತದೆ. ಎಷ್ಟು ಬಿಗಿ ಮಾಡಿದರೂ ಪಕ್ಕದಿಂದ ಹಬೆ ಸೋರಿದರೆ ಬದಲಾಯಿಸುವ ಹೊತ್ತು ಬಂತು. ಕೊಳ್ಳುವಾಗ ನಿಮ್ಮ ಪಾಟ್‌ನ ಕಂಪನಿ ಮತ್ತು ಕಪ್ಪಿನ ಸಂಖ್ಯೆ ಎರಡನ್ನೂ ಹೇಳಿ. ಆರು ಕಪ್ಪಿನ ಎಲ್ಲ ಪಾಟ್‌ಗಳಿಗೂ ಒಂದೇ ವಾಷರ್ ಕೂರುವುದಿಲ್ಲ. ಅನುಮಾನ ಇದ್ದರೆ ಹಳೆಯದನ್ನೇ ಕೈಯಲ್ಲಿ ಹಿಡಿದುಕೊಂಡು ಅಂಗಡಿಗೆ ಹೋಗಿ.